ಹತ್ತನೆಯ ಪುಸ್ತಕದಲ್ಲಿ ಕಥೆ ಏಕೆ ನಿಂತಿತು

ನನ್ನ ಕಪಾಟಿನಲ್ಲಿರುವ ಒಂದು ದಪ್ಪ ಪುಸ್ತಕದೊಳಗೆ ನಾಲ್ಕು ಬಸ್ ಟಿಕೆಟ್‌ಗಳಿವೆ. ನಾಲ್ಕೂ ದಾವಣಗೆರೆ–ಚಿತ್ರದುರ್ಗ ದಾರಿಯವು, ನಾಲ್ಕೂ 2003ರವು. ಅಚ್ಚು ಮಾಸಿ ಈಗ ಬರೀ ಕಂದು ಚೀಟಿಗಳಾಗಿವೆ. ಒಂದು ನೂರನೆಯ ಪುಟದ ಆಸುಪಾಸಿನಲ್ಲಿದೆ, ಇನ್ನೆರಡು ಮುನ್ನೂರರೊಳಗೆ, ನನ್ನದು ನಾನೂರು ದಾಟಿ ತುಸು ಮುಂದೆ. ಆಗ ದಾವಣಗೆರೆಯಲ್ಲಿ ಓದುತ್ತಿದ್ದ ನಾವು ನಾಲ್ವರು ಗೆಳೆಯರು ಹಣ ಕೂಡಿಸಿ ಒಂದೇ ಪ್ರತಿ ತರಿಸಿ ಸರದಿಯ ಮೇಲೆ ಓದುತ್ತಿದ್ದೆವು. ಓದು ನಿಂತಲ್ಲಿ ಜೇಬಿನಲ್ಲಿದ್ದ ಟಿಕೆಟ್ ಇಡುವುದು ರೂಢಿ. ಪುಸ್ತಕ ಮುಗಿಸಿದವನು ತನ್ನ ಟಿಕೆಟನ್ನು ತೆಗೆದು ಮುಂದಿನವನಿಗೆ ಕೊಡಬೇಕು. ಹಿಂದಿನ ಒಂಬತ್ತು ಪುಸ್ತಕಗಳಲ್ಲಿ ಒಂದೇ ಒಂದು ಟಿಕೆಟ್ ಉಳಿದಿರಲಿಲ್ಲ. ಹತ್ತನೆಯದರಲ್ಲಿ ನಾಲ್ಕೂ ಉಳಿದವು.

ಅದು ರಾಬರ್ಟ್ ಜೋರ್ಡಾನ್ ಬರೆದ 'ದಿ ವೀಲ್ ಆಫ್ ಟೈಮ್' ಮಾಲೆಯ ಹತ್ತನೆಯ ಸಂಪುಟ, 'ಕ್ರಾಸ್‌ರೋಡ್ಸ್ ಆಫ್ ಟ್ವಿಲೈಟ್'. 2003ರ ಜನವರಿಯಲ್ಲಿ ಪ್ರಕಟವಾಯಿತು. ಓದುಗರ ನಿರಾಸೆಗೆ ಅದು ಇಂದಿಗೂ ಹೆಸರುವಾಸಿ. ನಮಗೆ ಆಗ ಆದದ್ದು ನಿರಾಸೆಗಿಂತ ಹೆಚ್ಚಿನದು. ಒಂಬತ್ತು ಪುಸ್ತಕಗಳ ಕಾಲ ಮನೆಯವರಂತಿದ್ದ ಪಾತ್ರಗಳು ಇದ್ದಕ್ಕಿದ್ದಂತೆ ಮಾತು ಬಿಟ್ಟಂತಾಗಿತ್ತು. ಬರೆಯುವವನಿಗೆ ಸೋಮಾರಿತನ ಬಂತು, ದುಡ್ಡಿಗಾಗಿ ಎಳೆದ ಎಂದೆಲ್ಲ ನಾವೂ ಅಂದೆವು. ಈಗ ಹಾಗೆ ಅನ್ನಿಸುವುದಿಲ್ಲ. ದೀರ್ಘ ಮಾಲೆಗಳು ನಡುವಿನ ಸಂಪುಟಗಳಲ್ಲಿ ಕುಸಿಯುವುದಕ್ಕೆ ಕಥೆ ಹೇಳುವ ಕಸುಬಿನೊಳಗೇ ಕಾರಣಗಳಿವೆ, ಮತ್ತು ಆ ಕಾರಣಗಳನ್ನು ಅರಿಯಲು ದುರ್ಗದವರಿಗೆ ದೂರ ಹೋಗಬೇಕಾಗಿಲ್ಲ.

ಮೊದಲು ಪುಸ್ತಕದಲ್ಲಿ ಏನಾಗುತ್ತದೆ ಎಂಬುದನ್ನು ಹೇಳಬೇಕು. ಈ ಮಾಲೆಯ ಜಗತ್ತಿನಲ್ಲಿ ಮಾಂತ್ರಿಕ ಶಕ್ತಿಗೆ ಗಂಡು, ಹೆಣ್ಣು ಎಂದು ಎರಡು ಭಾಗ. ಗಂಡು ಭಾಗ ಸುಮಾರು ಮೂರು ಸಾವಿರ ವರ್ಷಗಳಿಂದ ವಿಷವಾಗಿದೆ. ಅದನ್ನು ಮುಟ್ಟಿದ ಗಂಡಸರಿಗೆ ಹುಚ್ಚು ಹಿಡಿಯುತ್ತದೆ. 2000ದಲ್ಲಿ ಬಂದ ಒಂಬತ್ತನೆಯ ಸಂಪುಟದ ಕೊನೆಯಲ್ಲಿ ನಾಯಕ ರ‍್ಯಾಂಡ್ ಆ ವಿಷವನ್ನು ತೊಳೆದುಹಾಕುತ್ತಾನೆ. ಇಡೀ ಮಾಲೆಯಲ್ಲಿ ಅಷ್ಟು ದೊಡ್ಡ ಘಟನೆಗಳು ಕೆಲವೇ. ಪುಸ್ತಕ ಮುಚ್ಚಿದಾಗ ಎದೆ ಡವಗುಟ್ಟುತ್ತಿತ್ತು. ಮುಂದೇನು ಎಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದೆವು. ಹತ್ತನೆಯದು ಬಂತು. ಅದರ ಬಹುಭಾಗ ನಮ್ಮನ್ನು ಮತ್ತೆ ಅದೇ ದಿನಕ್ಕೆ, ಅದಕ್ಕೂ ಹಿಂದಿನ ದಿನಗಳಿಗೆ ಕರೆದೊಯ್ಯುತ್ತದೆ. ರ‍್ಯಾಂಡ್ ಅಲ್ಲಿ ವಿಷ ತೊಳೆಯುತ್ತಿದ್ದಾಗ ಉಳಿದವರು ಎಲ್ಲೆಲ್ಲಿ ಏನೇನು ಮಾಡುತ್ತಿದ್ದರು ಎಂಬುದೇ ಕಥೆ. ಎಲೇನ್ ಸಿಂಹಾಸನಕ್ಕಾಗಿ ಮನೆತನಗಳ ಬೆಂಬಲದ ಲೆಕ್ಕ ಹಾಕುತ್ತಿದ್ದಾಳೆ. ಎಗ್ವೀನ್ ಮುತ್ತಿಗೆ ಹಾಕಿದ ನಗರದ ಹೊರಗೆ ಡೇರೆಯಲ್ಲಿ ಸಭೆ ನಡೆಸುತ್ತಿದ್ದಾಳೆ. ಪೆರಿನ್ ಅಪಹೃತಳಾದ ಹೆಂಡತಿಯನ್ನು ಹುಡುಕುತ್ತಿದ್ದಾನೆ. ದೂರದಲ್ಲಿ ಯಾವುದೋ ಮಹಾಶಕ್ತಿ ಉರಿಯುತ್ತಿರುವುದು ಕೆಲವರ ಅರಿವಿಗೆ ಬರುತ್ತದೆ, ಅದೇನೆಂದು ಗೊತ್ತಾಗುವುದಿಲ್ಲ, ಊಹಿಸುತ್ತಾರೆ, ತಪ್ಪಾಗಿ ಊಹಿಸುತ್ತಾರೆ. ರ‍್ಯಾಂಡ್ ಕಾಣಿಸಿಕೊಳ್ಳುವುದೇ ಅಪರೂಪ.

ಏಕಕಾಲದ ಘಟನೆಗಳನ್ನು ಹೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ಮನೆಗಳ ಕಥೆಗಾರ್ತಿಯರೆಲ್ಲ ಅದನ್ನು ಸಲೀಸಾಗಿ ಮಾಡುತ್ತಾರೆ. 'ಅತ್ತ ಹಾಗಾದರೆ ಇತ್ತ ಏನಾಯಿತಪ್ಪಾ ಎಂದರೆ' ಎಂದು ಅಜ್ಜಿ ಒಮ್ಮೆ ಉಸಿರು ಎಳೆದುಕೊಂಡಳೆಂದರೆ ರಾಜಕುಮಾರ ಕಾಡಿನಲ್ಲೇ ನಿಲ್ಲುತ್ತಿದ್ದ, ಕಥೆ ಅರಮನೆಗೆ ಬರುತ್ತಿತ್ತು. ನಮಗೆ ಬೇಸರವಾಗುತ್ತಿರಲಿಲ್ಲ. ಏಕೆಂದರೆ ಅಜ್ಜಿಯ 'ಇತ್ತ' ಎಂಬುದು ಸದಾ 'ಅತ್ತ'ಕ್ಕೆ ಏನನ್ನೋ ಹೊತ್ತು ತರುತ್ತಿತ್ತು.

ಇದಕ್ಕೆ ಮಹಾಭಾರತದ ದ್ರೋಣಪರ್ವಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಯುದ್ಧದ ಹದಿಮೂರನೆಯ ದಿನ. ಸಂಶಪ್ತಕರು ಅರ್ಜುನನನ್ನು ರಣರಂಗದ ಇನ್ನೊಂದು ಮೂಲೆಗೆ ಸೆಳೆದುಕೊಂಡು ಹೋಗುತ್ತಾರೆ. ಅತ್ತ ಅವನು ಕಾದುತ್ತಿದ್ದಾನೆ. ಇತ್ತ ಅವನ ಮಗ ಅಭಿಮನ್ಯು ವ್ಯೂಹವನ್ನು ಹೊಕ್ಕು ಹೊರಬರಲಾಗದೆ ಸಾಯುತ್ತಾನೆ. ಸಂಜೆ ಅರ್ಜುನ ಹಿಂದಿರುಗುತ್ತಾನೆ. ಪಾಳೆಯದಲ್ಲಿ ವಾದ್ಯದ ಸದ್ದಿಲ್ಲ. ಯಾರೂ ಅವನ ಮುಖ ನೋಡುತ್ತಿಲ್ಲ. ಓಡಿ ಬಂದು ಎದುರುಗೊಳ್ಳುವ ಮಗ ಕಾಣುತ್ತಿಲ್ಲ. ಏನಾಗಿದೆ ಎಂಬುದು ಕೇಳುಗರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಮತ್ತು ಇನ್ನೊಂದೇ ಗಳಿಗೆಯಲ್ಲಿ ಅವನಿಗೂ ಗೊತ್ತಾಗಲೇಬೇಕು. ಎರಡು ದಾರಗಳು ಅಲ್ಲಿ ಒಂದೇ ಗಂಟಿಗೆ ಬಂದು ಸೇರುತ್ತವೆ. ಮರುದಿನದ ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲುವ ಪ್ರತಿಜ್ಞೆ ಆ ಗಂಟಿನಿಂದಲೇ ಹುಟ್ಟುತ್ತದೆ.

ಜೋರ್ಡಾನನ ಹತ್ತನೆಯ ಪುಸ್ತಕದಲ್ಲೂ ಓದುಗರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ಎರಡೂ ಒಂದೇ. ಆದರೆ ಇಲ್ಲಿ ಗೊತ್ತಾಗುವ ಗಳಿಗೆ ಬರುವುದೇ ಇಲ್ಲ. ದೂರದ ಬೆಳಕನ್ನು ನೋಡಿದವರು ನೋಡಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಹಾಗಾಗಿ ನಮ್ಮ ಅರಿವು ನಮಗೇ ಭಾರವಾಗುತ್ತದೆ. ಉತ್ತರ ತಿಳಿದ ಪ್ರಶ್ನೆಯನ್ನು ಬೇರೆಯವರು ಏಳುನೂರು ಪುಟ ಬಿಡಿಸುತ್ತಿರುವುದನ್ನು ನೋಡುತ್ತಾ ಕೂತಂತೆ. ಪುಸ್ತಕದ ಕಾಲ ನಿಂತಿದೆ, ನಮ್ಮ ಕಾಲ ಮಾತ್ರ ಓಡುತ್ತಿದೆ. ಅಂದು ನಾವು 'ಬೇಸರ' ಎಂದು ಕರೆದದ್ದು ನಿಜವಾಗಿ ಇದನ್ನೇ.

ಎರಡನೆಯ ಕಾರಣ ಸರಳ ಲೆಕ್ಕ. ಮಾಲೆಯ ಮೊದಲ ಪುಸ್ತಕ ಬಹುಪಾಲು ಒಬ್ಬ ಹಳ್ಳಿ ಹುಡುಗನ ಕಣ್ಣಿನಿಂದಲೇ ಸಾಗುತ್ತದೆ. ಅವನ ದಾರಿಗೆ ಇಡೀ ಪುಸ್ತಕ ಮೀಸಲು. ಹತ್ತನೆಯದರ ಹೊತ್ತಿಗೆ ದೊಡ್ಡ ದಾರಗಳೇ ಐದಾರು. ಏಳುನೂರು ಪುಟವನ್ನು ಆರಕ್ಕೆ ಹಂಚಿ ನೋಡಿ: ಒಬ್ಬೊಬ್ಬರ ಪಾಲಿಗೆ ಸುಮಾರು ನೂರಹದಿನೇಳು ಪುಟ ಸಿಗುತ್ತದೆ. ನಿಮಗೆ ಪೆರಿನ್ ಇಷ್ಟವೆಂದರೆ, ಮೊದಲ ಪುಸ್ತಕದಲ್ಲಿ ರ‍್ಯಾಂಡ್‌ಗೆ ಸಿಕ್ಕಷ್ಟು ಪುಟ ಅವನಿಗೆ ಸಿಗಲು ಆರು ಸಂಪುಟ ಕಾಯಬೇಕು. ಅವನ ಹೆಂಡತಿ ಫೈಲ್‌ಳ ಅಪಹರಣ ಆಗುವುದು ಒಂಬತ್ತನೆಯ ಸಂಪುಟದಲ್ಲಿ, ಬಿಡುಗಡೆ ಹನ್ನೊಂದನೆಯದರಲ್ಲಿ. ಕಥೆಯೊಳಗೆ ಅದು ಕೆಲವು ತಿಂಗಳ ಮಾತು. ಓದುವ ನಮ್ಮ ಪಾಲಿಗೆ 2000ದಿಂದ 2005.

ಕೋಟೆ ನೋಡಲು ಬಂದ ನೆಂಟರನ್ನು ಓಬವ್ವನ ಕಿಂಡಿಗೆ ಕರೆದೊಯ್ದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಎರಡು ಬಂಡೆಗಳ ನಡುವಿನ ಆ ಸಂದಿಯಲ್ಲಿ ಮೈ ಹಿಡಿ ಮಾಡಿಕೊಂಡು ಒಬ್ಬೊಬ್ಬರೇ ನುಸುಳಬೇಕು. ಹೊರಗೆ ಹೈದರನ ಸೈನ್ಯ ಎಷ್ಟೇ ದೊಡ್ಡದಿರಲಿ, ಒಳಗೆ ಬರುವ ತಲೆ ಒಂದೇ. ಒನಕೆ ಹಿಡಿದ ಒಬ್ಬ ಹೆಂಗಸು ಅಷ್ಟು ಜನರನ್ನು ತಡೆದಳೆಂದು ಜನಪದ ಹೇಳುವುದು ಆ ಸಂದಿಯ ಬಲದಿಂದ. ಗದ್ಯವೂ ಅಂಥದ್ದೇ ಕಿಂಡಿ. ಲೇಖಕನ ತಲೆಯಲ್ಲಿ ಹತ್ತು ರಾಜ್ಯಗಳ ಸೈನ್ಯಗಳು ಒಟ್ಟಿಗೆ ನಡೆಯುತ್ತಿರಬಹುದು, ಸಾಲಿನ ಮೇಲೆ ಬರುವುದು ಮಾತ್ರ ಒಂದು ಹೊತ್ತಿಗೆ ಒಬ್ಬರು. ಮೊದಲ ಸಂಪುಟಗಳಲ್ಲಿ ಪಾತ್ರಗಳು ಕಡಿಮೆಯಿದ್ದಾಗ ಕಿಂಡಿ ಇರುವುದೇ ತಿಳಿಯುವುದಿಲ್ಲ. ಹತ್ತನೆಯದರಲ್ಲಿ ಹೊರಗೆ ನಿಂತ ಸಾಲು ಎಷ್ಟು ಉದ್ದವಾಗಿತ್ತೆಂದರೆ ನಾಯಕನಿಗೇ ಸರದಿ ಬರಲಿಲ್ಲ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರೂ ಇದೇ ಕಿಂಡಿಯ ಮುಂದೆ ನಿಂತವರು. 1996ರಲ್ಲಿ ಆರಂಭವಾದ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಮೂರು ಪುಸ್ತಕಗಳಲ್ಲಿ ಮುಗಿಯಬೇಕಿತ್ತು. ಮೂರನೆಯದರ ನಂತರ ಕಥೆಯನ್ನು ಐದು ವರ್ಷ ಮುಂದಕ್ಕೆ ನೆಗೆಸುವ ಯೋಚನೆ ಅವರಿಗಿತ್ತು. ಅದು ಕೂಡಿಬರಲಿಲ್ಲ, ಕೈಬಿಟ್ಟರು. ನಾಲ್ಕನೆಯ ಪುಸ್ತಕ ಒಂದು ಸಂಪುಟದಲ್ಲಿ ಹಿಡಿಯದಷ್ಟು ಬೆಳೆದಾಗ ಅದನ್ನು ಎರಡಾಗಿ ಸೀಳಿದರು. ಸೀಳಿದ್ದು ಕಾಲದ ಉದ್ದಕ್ಕಲ್ಲ, ಪಾತ್ರಗಳ ಪ್ರಕಾರ. ಅರ್ಧ ಪಾತ್ರಗಳ ಪೂರ್ತಿ ಕಥೆ ಒಂದರಲ್ಲಿ, ಉಳಿದ ಅರ್ಧದವರ ಅದೇ ಅವಧಿಯ ಕಥೆ ಇನ್ನೊಂದರಲ್ಲಿ. ಹೀಗಾಗಿ 2005ರ ಸಂಪುಟದಲ್ಲಿ ಜಾನ್, ಡೆನೇರಿಸ್, ಟಿರಿಯನ್ ಈ ಮೂವರ ಒಂದು ಅಧ್ಯಾಯವೂ ಇಲ್ಲ. ಮುಂದಿನ ವರ್ಷವೇ ಇನ್ನರ್ಧ ಬರುತ್ತದೆಂಬ ನಿರೀಕ್ಷೆಯನ್ನು ಲೇಖಕರು ಪುಸ್ತಕದ ಕೊನೆಯಲ್ಲಿ ಬರೆದಿದ್ದರು. ಬಂದದ್ದು 2011ರಲ್ಲಿ. ಆರನೆಯದಕ್ಕಾಗಿ ಓದುಗರು ಇನ್ನೂ ಕಾಯುತ್ತಿದ್ದಾರೆ. ಆ ಎರಡು ಪುಸ್ತಕಗಳ ಅಧ್ಯಾಯಗಳನ್ನು ಕಾಲಾನುಕ್ರಮದಲ್ಲಿ ಹೆಣೆದು ಓದಲು ಅಭಿಮಾನಿಗಳೇ ಪಟ್ಟಿ ಮಾಡಿಕೊಂಡರು. ಲೇಖಕ ಬಿಡಿಸಿಟ್ಟ ಹಗ್ಗವನ್ನು ಓದುಗರು ಮತ್ತೆ ಹೊಸೆದುಕೊಂಡರೆಂದರೆ ಆ ಕಥೆಯ ಮೇಲೆ ಅವರಿಗೆ ಎಷ್ಟು ಪ್ರೀತಿಯಿರಬೇಕು!

ಹಾಗಾದರೆ ಎಲ್ಲ ದೀರ್ಘ ಮಾಲೆಗಳೂ ಹೀಗೇ ಕುಸಿಯಬೇಕೇ? ನಮ್ಮೂರಿನಲ್ಲೇ ಇದಕ್ಕೆ ಉತ್ತರವಿದೆ. ತರಾಸು ಅವರ ದುರ್ಗದ ಕಾದಂಬರಿಗಳು ಮಾಂತ್ರಿಕ ಲೋಕದವಲ್ಲ, ಚಾರಿತ್ರಿಕ ಕೃತಿಗಳು. ಆದರೂ ಅಧಿಕಾರದಾಹ, ಸೇಡು, ಮುತ್ತಿಗೆ, ದ್ರೋಹ, ಒಂದು ತಲೆಮಾರಿನ ಪಾಪ ಇನ್ನೊಂದರ ಮೇಲೆ ಬೀಳುವುದು, ಇವನ್ನೆಲ್ಲ ಹುಡುಕುವ ಓದುಗನಿಗೆ ಎರಡೂ ಒಂದೇ ಹಸಿವನ್ನು ತಣಿಸುತ್ತವೆ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರೂ ಒಂದರ ಹಿಂದೊಂದು ಸಾಗುವ ಒಂದೇ ಕಥೆ. ಆಮೇಲೆ 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ'. ಕೊನೆಗೆ 1982ರಲ್ಲಿ 'ದುರ್ಗಾಸ್ತಮಾನ'. 1984ರಲ್ಲಿ ತರಾಸು ತೀರಿಕೊಂಡರು. ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಮಾಲೆಯ ಕಡೆಯ ಪುಸ್ತಕವೇ ಎಲ್ಲಕ್ಕಿಂತ ಎತ್ತರದ್ದು ಎಂದು ದುರ್ಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತೇನೆ.

ಆ ಹೆಸರನ್ನು ಸ್ವಲ್ಪ ಗಮನಿಸಿ. ಅಸ್ತಮಾನ. ಕೊನೆ ಏನೆಂಬುದನ್ನು ರಕ್ಷಾಪುಟದ ಮೇಲೆಯೇ ಹೇಳಿಬಿಟ್ಟಿದ್ದಾರೆ. ದುರ್ಗದಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು: 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ಹಾಗಿದ್ದೂ ಪುಟ ತಿರುಗಿಸುವ ಕೈ ನಿಲ್ಲುವುದಿಲ್ಲ. ಎಷ್ಟೋ ವರ್ಷ ನಾನು ಇದಕ್ಕೆ ಕಾರಣ 'ಕೊನೆ ಗೊತ್ತಿರುವುದು' ಎಂದುಕೊಂಡಿದ್ದೆ. ಇತಿಹಾಸ ಬರೆಯುವವನಿಗೆ ಕೊನೆ ಸಿದ್ಧವಾಗಿ ಸಿಗುತ್ತದೆ, ಕಲ್ಪನೆಯ ಲೋಕ ಕಟ್ಟುವವನಿಗೆ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದು. ಆದರೆ ಜೋರ್ಡಾನ್ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ. ಕೊನೆಯ ದೃಶ್ಯ ತನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಇದೆ ಎಂದು ಆತ ಹೇಳುತ್ತಲೇ ಇದ್ದ. ಸಾಯುವ ಮುನ್ನ ಅದನ್ನು ಬರೆದೂ ಇಟ್ಟ.

ವ್ಯತ್ಯಾಸ ಇರುವುದು ಇನ್ನೂ ಸೂಕ್ಷ್ಮವಾದ ಕಡೆ. 1779 ಎಂಬುದು ಬರೀ ಕೊನೆಯಲ್ಲ, ಅದೊಂದು ಇಸವಿ. ಮದಕರಿ 1754ರಲ್ಲಿ ಪಟ್ಟಕ್ಕೆ ಬಂದ ಎಂದರೆ ಲೇಖಕನ ಕೈಯಲ್ಲಿ ಇಪ್ಪತ್ತೈದು ವರ್ಷಗಳಿವೆ, ಒಂದು ದಿನವೂ ಹೆಚ್ಚಿಲ್ಲ. ಯಾವ ಅಧ್ಯಾಯದಲ್ಲಿ ನಿಂತರೂ ಕೊನೆ ಎಷ್ಟು ದೂರವಿದೆ ಎಂಬುದು ಅವನಿಗೂ ಗೊತ್ತು, ನಮಗೂ ಗೊತ್ತು. ಬಸ್ಸಿನಲ್ಲಿ ಕೂತವನಿಗೆ ತಾನು ದಾವಣಗೆರೆಗೆ ಹೋಗುತ್ತಿದ್ದೇನೆ ಎಂಬುದಷ್ಟೇ ತಿಳಿದರೆ ಸಾಲದು. ಭರಮಸಾಗರ ಬಂತೇ, ಆನಗೋಡು ದಾಟಿತೇ ಎಂಬುದರಿಂದ ನೆಮ್ಮದಿ. ಒಟ್ಟು ದಾರಿ ಸುಮಾರು 60 ಕಿಲೋಮೀಟರ್ ಎಂದು ಗೊತ್ತಿರುವುದರಿಂದಲೇ ನಿದ್ದೆ ಬರುತ್ತದೆ. ಜೋರ್ಡಾನನಿಗೆ ಹೋಗಬೇಕಾದ ಊರು ಗೊತ್ತಿತ್ತು, ಮೈಲಿಗಲ್ಲುಗಳು ಗೊತ್ತಿರಲಿಲ್ಲ. ಆರು ಪುಸ್ತಕಗಳ ಅಂದಾಜಿನಿಂದ ಹೊರಟ ಮಾಲೆ ಹದಿನಾಲ್ಕಕ್ಕೆ ಹೋಯಿತು. ಮೊದಲ ಆರು ಬಂದದ್ದು 1990ರಿಂದ 1994ರೊಳಗೆ, ಐದೇ ವರ್ಷಗಳಲ್ಲಿ. ಆಮೇಲೆ ಒಂದೊಂದಕ್ಕೂ ಎರಡೆರಡು ವರ್ಷ, ಅದಕ್ಕೂ ಹೆಚ್ಚು. ಮಗ್ಗಲು ಬದಲಿಸುತ್ತಾ ಕಿಟಕಿಯಾಚೆ ನೋಡುತ್ತಿದ್ದ ನಮಗೆ ಅದೇ ಬಯಲು ಮತ್ತೆ ಮತ್ತೆ ಕಾಣುತ್ತಿತ್ತು.

ಬರೆಯುವವನ ಆಯಸ್ಸಿಗೂ ಮೈಲಿಗಲ್ಲುಗಳಿಲ್ಲ. ಜೋರ್ಡಾನ್ ತನ್ನ ಕಾಯಿಲೆಯ ವಿಷಯ ತಿಳಿಸಿದ್ದು 2006ರಲ್ಲಿ. 2007ರ ಸೆಪ್ಟೆಂಬರ್ 16ರಂದು ತೀರಿಕೊಂಡ. ಆತನ ಪತ್ನಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಉಳಿದ ಕೆಲಸವನ್ನು ಬ್ರ್ಯಾಂಡನ್ ಸ್ಯಾಂಡರ್ಸನ್‌ಗೆ ಒಪ್ಪಿಸಿದರು. ಒಂದೇ ಪುಸ್ತಕವಾಗಬೇಕಿದ್ದ ಕೊನೆ ಮೂರಾಯಿತು: 2009, 2010, 2013. ಬೇರೆಯವರ ಕೈ ಎಂದು ಅನೇಕರು ಮುಖ ಸಿಂಡರಿಸಿದರು. ಕನ್ನಡದವರಿಗೆ ಇದು ಹೊಸತೇನಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಿದ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಬಾಣಭಟ್ಟ ಸಂಸ್ಕೃತದಲ್ಲಿ ಬರೆಯುತ್ತಿದ್ದ ಕಥೆ ಅವನ ಸಾವಿನಿಂದ ಅರ್ಧಕ್ಕೇ ನಿಂತಾಗ ಮಗ ಅದನ್ನು ಮುಗಿಸಿದ. ಆ ಕಥೆಯ ನಾಯಕಿಯ ಹೆಸರು ಕಾದಂಬರಿ. ಇಂದು ನಾವು ಈ ಸಾಹಿತ್ಯ ಪ್ರಕಾರಕ್ಕೇ ಇಟ್ಟುಕೊಂಡಿರುವ ಹೆಸರು ಅರ್ಧಕ್ಕೆ ನಿಂತು ಇನ್ನೊಬ್ಬರಿಂದ ಪೂರ್ತಿಯಾದ ಒಂದು ಕೃತಿಯದು. ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೇಲಿನ ಕಾರಣಗಳೆಲ್ಲ ಪುಸ್ತಕದೊಳಗಿನವು. ಅದರಾಚೆಗೂ ಒಂದು ಕಾರಣವಿದೆ ಎಂಬುದನ್ನು ನನಗೆ ತೋರಿಸಿಕೊಟ್ಟವಳು ಅಣ್ಣನ ಮಗಳು. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ದುರ್ಗಕ್ಕೆ ಬಂದವಳು ಹದಿನಾಲ್ಕೂ ಸಂಪುಟಗಳನ್ನು ಸಾಲಾಗಿ ಓದಲು ಕೂತಳು. ಹತ್ತನೆಯದು ಕೈಗೆ ಬಂದಾಗ ನಾನು ಎಚ್ಚರಿಸಿದೆ. ಐದನೆಯ ದಿನ ಅದನ್ನು ಮುಗಿಸಿ ಹನ್ನೊಂದನೆಯದಕ್ಕೆ ಬಂದಳು. ನಿಧಾನವಿತ್ತು ಚಿಕ್ಕಪ್ಪ, ಆದರೆ ಅಷ್ಟು ಕೆಟ್ಟದೇನಿಲ್ಲವಲ್ಲ ಎಂದಳು.

ಅವಳು ಓದಿದ್ದೂ ಅದೇ ಅಕ್ಷರಗಳನ್ನು. ಆದರೆ ಅವಳಿಗೆ ಒಂಬತ್ತಕ್ಕೂ ಹತ್ತಕ್ಕೂ ನಡುವೆ ಇದ್ದದ್ದು ಒಂದು ರಾತ್ರಿ. ನಮಗೆ ಎರಡು ವರ್ಷಕ್ಕೂ ಹೆಚ್ಚು. ಕಾದವನ ಮನಸ್ಸು ಆ ಅವಧಿಯಲ್ಲಿ ಸುಮ್ಮನಿರುವುದಿಲ್ಲ. ತನ್ನದೇ ಹತ್ತನೆಯ ಸಂಪುಟವನ್ನು ಬರೆಯುತ್ತಿರುತ್ತದೆ. ನಾವು ನಾಲ್ವರು ಭಾನುವಾರ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಎಷ್ಟು ಯುದ್ಧಗಳನ್ನು ಗೆದ್ದಿದ್ದೆವು, ಎಷ್ಟು ಗುಟ್ಟುಗಳನ್ನು ಬಿಡಿಸಿದ್ದೆವು! ಪುಸ್ತಕ ಬಂದಾಗ ಅದು ನಾವು ಕಟ್ಟಿಕೊಂಡ ಆ ಪುಸ್ತಕದೊಡನೆ ಸೆಣಸಬೇಕಾಯಿತು. ಜೊತೆಗೆ, ಮುಂದಿನದು ಯಾವಾಗಲೋ ಎಂಬ ಭಯವೂ ಇತ್ತು. ಅವಳಿಗೆ ಹನ್ನೊಂದನೆಯದು ಕೈಯಳತೆಯಲ್ಲೇ ಇತ್ತು. ದಾರಿಯ ಒಟ್ಟು ಉದ್ದ ಅವಳಿಗೆ ಗೊತ್ತಿತ್ತು. ಮೈಲಿಗಲ್ಲುಗಳೆಲ್ಲ ನೆಟ್ಟ ಮೇಲೆ ಬಂದ ಪ್ರಯಾಣಿಕಳು ಅವಳು.

ಹೊರಡುವ ದಿನ ಚೀಲ ಕಟ್ಟುತ್ತಾ ಅವಳು ಕೇಳಿದಳು: ಪೆರಿನ್ ಕೊಡಲಿ ಬಿಟ್ಟು ಹೋದ ಅಧ್ಯಾಯ ನಿಮಗೆ ಇಷ್ಟವಾಗಲಿಲ್ಲವೇ? ನನಗೆ ಉತ್ತರ ಹೊಳೆಯಲಿಲ್ಲ. ನಾನು ಅಲ್ಲಿಯವರೆಗೆ ಓದಿರಲೇ ಇಲ್ಲ. 2005ರಲ್ಲಿ ಹನ್ನೊಂದನೆಯದು ಬಂದಾಗ ಹತ್ತನೆಯದನ್ನು ಅರ್ಧಕ್ಕೇ ಬಿಟ್ಟು ಅದಕ್ಕೆ ಹಾರಿದ್ದೆ.

ಆ ರಾತ್ರಿ ನನ್ನ ಟಿಕೆಟ್ ಇದ್ದ ಪುಟದಿಂದ ಮುಂದಕ್ಕೆ ಓದಿದೆ. ನಿಧಾನವೇನೋ ನಿಜ. ಆದರೆ ಪೆರಿನ್ ತನ್ನ ಜನರಿಗೆ ಧಾನ್ಯ ಕೊಳ್ಳಲು ಒಂದು ಊರಿಗೆ ಹೋಗುತ್ತಾನೆ. ಅಲ್ಲಿ ಸತ್ತವರು ಬೀದಿಗಳಲ್ಲಿ ಓಡಾಡುತ್ತಾರೆ. ಬದುಕಿರುವವರು ಮೈ ತೊಳೆಯುವುದನ್ನೇ ಬಿಟ್ಟಿದ್ದಾರೆ. ಗೋದಾಮಿನ ಕಾಳಿಗೆಲ್ಲ ಹುಳು ಬಿದ್ದಿದೆ. ಹಸಿವಿದೆ, ಬೇರೆ ಧಾನ್ಯವಿಲ್ಲ. ಆ ಹುಳು ಬಿದ್ದ ಕಾಳನ್ನೇ ತೂರಿಸಿ, ಹಸನು ಮಾಡಿಸಿ ಕೊಳ್ಳುತ್ತಾರೆ. ಕಣದಲ್ಲಿ ಕಾಳು ತೂರುವುದನ್ನು ನೋಡುತ್ತಾ ಬೆಳೆದ ನನಗೆ ಮೂಗಿಗೆ ಆ ಧೂಳು ಬಡಿದಂತಾಯಿತು. ಎಲ್ಲೋ ಲೋಕ ಹಾಳಾಗುತ್ತಿದೆ ಎಂದು ಹತ್ತು ಪುಸ್ತಕಗಳಿಂದ ಕೇಳುತ್ತಿದ್ದ ಮಾತು ಒಂದು ಮೊರದಷ್ಟು ಹತ್ತಿರಕ್ಕೆ ಬಂದಿತ್ತು.

ಸ್ವಲ್ಪ ಮುಂದೆ ಕೊಡಲಿಯ ಅಧ್ಯಾಯ. ಹೆಂಡತಿ ಎಲ್ಲಿದ್ದಾಳೆಂದು ಬಾಯಿ ಬಿಡಿಸಲು ಪೆರಿನ್ ಒಬ್ಬ ಸೆರೆಯಾಳಿನ ಕೈಯನ್ನು ಕಡಿಯುತ್ತಾನೆ. ಸ್ವಭಾವತಃ ಮೃದು ಮನುಷ್ಯ ಅವನು. ಆ ಕೊಡಲಿಯನ್ನು ತಾನು ಇಷ್ಟಪಡತೊಡಗುತ್ತೇನೇನೋ ಎಂದು ಹಿಂದಿನ ಸಂಪುಟಗಳ ಉದ್ದಕ್ಕೂ ಹೆದರಿದವನು. ಕೆಲಸ ಮುಗಿದ ಮೇಲೆ ಅದನ್ನು ಒಂದು ಮರದ ಕಾಂಡಕ್ಕೆ ಬೀಸಿ ನೆಡುತ್ತಾನೆ. ಅಲ್ಲೇ ಬಿಟ್ಟು ನಡೆಯುತ್ತಾನೆ. ಇಷ್ಟು ಮಾತಿಗೆ ಅಷ್ಟೆಲ್ಲ ಪುಟಗಳು ಬೇಕಿದ್ದವೇ ಎಂದು ನೀವು ಕೇಳಿದರೆ, ಬೇಕಿರಲಿಲ್ಲ ಎಂದೇ ಇವತ್ತಿಗೂ ಹೇಳುತ್ತೇನೆ. ಆದರೆ ಆ ದೃಶ್ಯ ಓದಿ ದೀಪ ಆರಿಸಿದ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮಾರನೆಯ ದಿನ ಉಳಿದದ್ದನ್ನೂ ಓದಿ ಮುಗಿಸಿ ನನ್ನ ಟಿಕೆಟನ್ನು ಹೊರಗೆ ತೆಗೆದೆ. ಗೆಳೆಯರ ಮೂರು ಟಿಕೆಟ್‌ಗಳನ್ನು ಮುಟ್ಟಲಿಲ್ಲ. ಒಬ್ಬನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಪುಸ್ತಕವನ್ನು ದಾವಣಗೆರೆಗೆ ಬರುವಾಗ ತಂದುಕೊಡು ಎಂದ.